ಹಠಾತ್ ಒತ್ತಡ ಮತ್ತು ಮಿದುಳಿನ ಒತ್ತಡ ಹಾರ್ಮೋನಿನ ಜೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಕನ್ನಡ ಮಾಧ್ಯಮದ ಪ್ರೌಢಶಾಲಾ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನ್ನ ಬಳಿ ಒತ್ತಡದ ಬಗ್ಗೆ ಕೇಳುವವರು ಮಕ್ಕಳು ಮಾತ್ರವಲ್ಲ. ರಕ್ಷಕ ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ತಾಯಂದಿರು ಕೇಳುತ್ತಾರೆ, ತೋಟದ ಕೆಲಸಕ್ಕೆ ಬರುವವರೂ ಕೇಳುತ್ತಾರೆ. ‘ಹೆದರಿದರೆ ಜೀನ್ ಬದಲಾಗುತ್ತದಂತೆ, ಹೌದೇ?’ ಎಂಬುದು ಈಚೆಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ. ಅರ್ಧ ಸತ್ಯವಿರುವ ಈ ಮಾತು ಅನಗತ್ಯ ಭಯ ಹುಟ್ಟಿಸುತ್ತಿರುವುದನ್ನು ಕಂಡು, ಉತ್ತರಗಳನ್ನು ಒಂದೆಡೆ ಬರೆದಿಡುತ್ತಿದ್ದೇನೆ.

‘ತೀವ್ರ ಒತ್ತಡ’ ಎಂದರೆ ತುಂಬಾ ಜೋರಾದ ಒತ್ತಡವೇ?

ಅಲ್ಲ. ಇಲ್ಲಿ ‘ತೀವ್ರ’ ಎಂಬ ಮಾತು ಜೋರನ್ನು ಹೇಳುವುದಿಲ್ಲ, ಅವಧಿಯನ್ನು ಹೇಳುತ್ತದೆ. ಹಠಾತ್ತನೆ ಬಂದು, ಕೆಲವು ನಿಮಿಷಗಳಲ್ಲಿ ಅಥವಾ ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ಮುಗಿದುಹೋಗುವ ಒತ್ತಡವನ್ನು ವೈದ್ಯವಿಜ್ಞಾನ ಹೀಗೆ ಕರೆಯುತ್ತದೆ. ಸೊಪ್ಪಿನ ರಾಶಿ ಎತ್ತುವಾಗ ಅಡಿಯಲ್ಲಿ ಕನ್ನಡಿ ಹಾವು ಕಾಣಿಸಿದ ಆ ಗಳಿಗೆ ತೀವ್ರ ಒತ್ತಡ. ವರ್ಷಗಟ್ಟಲೆ ತೀರದ ಸಾಲ ದೀರ್ಘಕಾಲದ ಒತ್ತಡ. ಗೊಂದಲ ತಪ್ಪಿಸಲು ಈ ಪುಟದಲ್ಲಿ ನಾನು ‘ಹಠಾತ್ ಒತ್ತಡ’ ಎಂದೇ ಬರೆದಿದ್ದೇನೆ. ‘ಒತ್ತಡ ಇದೆ’ ಎಂದು ನಮ್ಮವರು ಹೇಳುವಾಗ ಎಷ್ಟೋ ಸಲ ಅವರ ಮನಸ್ಸಿನಲ್ಲಿರುವುದು ರಕ್ತದೊತ್ತಡ. ಅದು ಬೇರೆಯೇ ವಿಷಯ.

ಒತ್ತಡದ ಹಾರ್ಮೋನು ಎಂದರೆ ಯಾವುದು?

ಒಂದಲ್ಲ, ಒಂದು ಸರಪಳಿ. ಮಿದುಳಿನ ತಳಭಾಗದಲ್ಲಿರುವ ಹೈಪೋಥಾಲಮಸ್‌ನಲ್ಲಿ ಪ್ಯಾರಾವೆಂಟ್ರಿಕ್ಯುಲರ್ ನ್ಯೂಕ್ಲಿಯಸ್ ಎಂಬ ಪುಟ್ಟ ನರಕೋಶಗಳ ಗುಂಪಿದೆ. ಅಲ್ಲಿನ ಕೆಲವು ಕೋಶಗಳು ಸಿಆರ್‌ಎಚ್ ಎಂಬ ಹಾರ್ಮೋನನ್ನು ತಯಾರಿಸುತ್ತವೆ. ಅದು ಸಣ್ಣ ರಕ್ತನಾಳಗಳ ಮೂಲಕ ಪಿಟ್ಯುಟರಿ ಗ್ರಂಥಿಯನ್ನು ತಲುಪಿ ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಬಿಡಿಸುತ್ತದೆ. ಎಸಿಟಿಎಚ್ ರಕ್ತದಲ್ಲಿ ಸಾಗಿ ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಬರುವಂತೆ ಮಾಡುತ್ತದೆ. ಇಲಿಗಳಲ್ಲಿ ಕಾರ್ಟಿಸಾಲ್‌ನ ಜಾಗದಲ್ಲಿ ಕಾರ್ಟಿಕೊಸ್ಟೆರಾನ್ ಇರುತ್ತದೆ.

ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ಒಂದು ಪುಟ್ಟ ಲೇಖನದಲ್ಲಿ, ಬೇರೆಬೇರೆ ಬಗೆಯ ಹಾನಿಗಳಿಗೆ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂದು ತೋರಿಸಿದ್ದರು. ಆದರೆ ಸರಪಳಿಯ ಮೊದಲ ಕೊಂಡಿ ಕೈಗೆ ಸಿಕ್ಕಿದ್ದು 1981ರಲ್ಲಿ. ಅಮೆರಿಕದ ಸಾಲ್ಕ್ ಸಂಸ್ಥೆಯ ವೈಲಿ ವೇಲ್ ಮತ್ತು ಸಂಗಡಿಗರು ಕುರಿಗಳ ಹೈಪೋಥಾಲಮಸ್‌ನಿಂದ 41 ಅಮೈನೋ ಆಮ್ಲಗಳ ಈ ಸಿಆರ್‌ಎಚ್ ಅನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಮನುಷ್ಯರಲ್ಲಿ ಇದರ ಜೀನ್ 8ನೆಯ ವರ್ಣತಂತುವಿನಲ್ಲಿದೆ. ಮುಂದೆ ನಾನು ‘ಜೀನ್’ ಎಂದಾಗಲೆಲ್ಲ ಮುಖ್ಯವಾಗಿ ಇದನ್ನೇ ಉದ್ದೇಶಿಸಿದ್ದೇನೆ.

ಹೆದರಿದಾಗ ಜೀನ್ ಬದಲಾಗುತ್ತದೆಯೇ?

ಜೀನಿನ ಅಕ್ಷರಮಾಲೆ ಬದಲಾಗುವುದಿಲ್ಲ. ಬದಲಾಗುವುದು ಅದನ್ನು ಎಷ್ಟು ಬಾರಿ ಓದಿ ನಕಲು ತೆಗೆಯಲಾಗುತ್ತದೆ ಎಂಬುದು. ಈ ನಕಲಿಗೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು. ನಕಲನ್ನು ನೋಡಿಕೊಂಡು ಕೋಶ ಹಾರ್ಮೋನನ್ನು ಕಟ್ಟುತ್ತದೆ. ಜೀನಿನ ಅಭಿವ್ಯಕ್ತಿ ಎಂದು ಪುಸ್ತಕಗಳು ಹೇಳುವುದು ಇದನ್ನೇ.

ನಮ್ಮ ಕಡೆಯವರಿಗೆ ಇದನ್ನು ಸುರಂಗದ ಮೂಲಕ ಹೇಳುವುದು ಸುಲಭ. ಬಾಯಾರು, ಶೇಣಿ, ಪಡ್ರೆಗಳಲ್ಲಿ ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟೇ ಅಗಲದ ಸುರಂಗಗಳಿವೆ. ಒಳಗೆ ಹೋಗಿ ನಿಂತರೆ ತಣ್ಣಗಿನ ಕತ್ತಲೆಯಲ್ಲಿ ಗೋಡೆಯಿಂದ ಜಿನುಗುವ ನೀರಿನ ಸದ್ದು ಮಾತ್ರ ಕೇಳುತ್ತದೆ. ಆ ಸಣ್ಣ ಧಾರೆ ಹೊರಗಿನ ಕೆರೆಯಲ್ಲಿ ತುಂಬಿಕೊಳ್ಳುತ್ತದೆ. ತೋಟಕ್ಕೆ ನೀರು ಬೇಕಾದಾಗ ಕೆರೆಯ ತೂಬು ತೆಗೆಯುತ್ತೇವೆ. ರಭಸವಾಗಿ ಹರಿಯುವುದು ಕೆರೆಯಲ್ಲಿ ಮೊದಲೇ ತುಂಬಿದ್ದ ನೀರು, ಸುರಂಗದಿಂದ ಆಗ ಬರುತ್ತಿರುವ ನೀರಲ್ಲ.

ಸಿಆರ್‌ಎಚ್ ಕೂಡ ಹಾಗೆಯೇ. ಹಾವು ಕಂಡ ಕೂಡಲೇ ನರದ ತುದಿಗಳಿಂದ ಬಿಡುಗಡೆಯಾಗುವುದು ಮೊದಲೇ ತಯಾರಾಗಿ ಸಣ್ಣ ಚೀಲಗಳಲ್ಲಿ ಕೂಡಿಟ್ಟ ಹಾರ್ಮೋನು. ಜೀನ್ ಚುರುಕಾಗುವುದು ಖಾಲಿಯಾದದ್ದನ್ನು ಮತ್ತೆ ತುಂಬಿಸಲು, ಮುಂದಿನ ಅಪಾಯಕ್ಕೆ ಸಿದ್ಧವಾಗಿರಲು. ಎಂದರೆ ಜೀನಿನ ಈ ಏರಿಕೆ ಹೆದರಿಕೆಯ ಕಾರಣವೂ ಅಲ್ಲ, ಕಾಯಿಲೆಯ ಗುರುತೂ ಅಲ್ಲ. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ: ತೂಬು ತೆಗೆದರೆ ಸುರಂಗದ ಧಾರೆ ದಪ್ಪವಾಗುವುದಿಲ್ಲ, ಆದರೆ ಹಾರ್ಮೋನು ಬಿಟ್ಟ ಕೋಶದಲ್ಲಿ ಜೀನಿನ ಧಾರೆ ದಪ್ಪವಾಗುತ್ತದೆ. ಕೋಶವನ್ನು ಪ್ರಚೋದಿಸಿದ ಅದೇ ಸಂಕೇತ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ದೂತನ ಮೂಲಕ ಕ್ರೆಬ್ ಎಂಬ ಪ್ರೋಟೀನಿಗೆ ರಂಜಕದ ಗುಂಪೊಂದನ್ನು ಅಂಟಿಸುತ್ತದೆ; ಚುರುಕಾದ ಕ್ರೆಬ್, ಜೀನಿನ ಆರಂಭಕ್ಕೆ ಮುಂಚಿನ ನಿಯಂತ್ರಣ ಭಾಗದಲ್ಲಿ ಕುಳಿತು ನಕಲು ತೆಗೆಯುವ ಕೆಲಸಕ್ಕೆ ಚಾಲನೆ ಕೊಡುತ್ತದೆ.

ಇದೆಲ್ಲ ಎಷ್ಟು ಹೊತ್ತಿನಲ್ಲಿ ನಡೆಯುತ್ತದೆ?

ಮೊದಲ ಸೆಕೆಂಡುಗಳು ಅಡ್ರಿನಲಿನ್‌ನದ್ದು: ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಬಾಯಿ ಒಣಗುವುದು. ಅದಕ್ಕೆ ಹೊಸದಾಗಿ ಜೀನ್ ಓದುವ ಅಗತ್ಯವೇ ಇಲ್ಲ. ಸಿಆರ್‌ಎಚ್ ಹಾಗೂ ಎಸಿಟಿಎಚ್ ನಿಮಿಷಗಳಲ್ಲಿ ಬಿಡುಗಡೆಯಾಗುತ್ತವೆ. ಮನುಷ್ಯರ ಜೊಲ್ಲಿನಲ್ಲಿ ಅಳೆದಾಗ ಕಾರ್ಟಿಸಾಲ್ ತುದಿ ಮುಟ್ಟುವುದು ಒತ್ತಡ ಶುರುವಾಗಿ ಸುಮಾರು ಅರ್ಧ ಗಂಟೆಯ ಹೊತ್ತಿಗೆ. ಹಾವು ಹೋಗಿ, ನಾವು ಜಗಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅದು ಏರಿರುತ್ತದೆ ಎಂಬುದನ್ನು ಗಮನಿಸಬೇಕು.

ಜೀನಿನ ಗಡಿಯಾರವನ್ನು 1996ರಲ್ಲಿ ಕೊವಾಕ್ಸ್ ಮತ್ತು ಸಾಚೆಂಕೊ ಇಲಿಗಳಲ್ಲಿ ಬಹಳ ಚೊಕ್ಕವಾಗಿ ಅಳೆದರು. ಒತ್ತಡ ಹುಟ್ಟಿಸಲು ಇಲಿಗಳಿಗೆ ಸ್ವಲ್ಪ ಹೊತ್ತು ಈಥರ್ ಆವಿಯನ್ನು ಉಸಿರಾಡಿಸಿದಾಗ, ಸಿಆರ್‌ಎಚ್ ಜೀನಿನ ಹಸಿ ನಕಲು, ಎಂದರೆ ಆಗಷ್ಟೇ ತೆಗೆದ ನಕಲು, ಸುಮಾರು 5 ನಿಮಿಷಗಳಲ್ಲೇ ಏರಿತು. ಆದರೆ ಅದೇ ಕೋಶಗಳಲ್ಲಿರುವ, ಸಿಆರ್‌ಎಚ್‌ಗೆ ಹೆಗಲು ಕೊಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಜೀನ್ ತುದಿ ಮುಟ್ಟಿದ್ದು ಸುಮಾರು 2 ಗಂಟೆಗಳ ಬಳಿಕ. ಒಂದೇ ಕೋಶ, ಒಂದೇ ಒತ್ತಡ, ಎರಡು ಬೇರೆ ವೇಳಾಪಟ್ಟಿ. ಸಿದ್ಧಗೊಂಡ ಸಂದೇಶವಾಹಕ ಆರ್‌ಎನ್‌ಎಯ ಸಂಗ್ರಹ ಹೆಚ್ಚುವುದಕ್ಕೆ ಇನ್ನೂ ಒಂದೆರಡು ಗಂಟೆ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮಿದುಳಿನೊಳಗೆ ನಡೆಯುವುದನ್ನು ನಿಮಿಷದ ಲೆಕ್ಕದಲ್ಲಿ ಹೇಗೆ ಕಂಡುಹಿಡಿದರು?

ಹತ್ತನೆಯ ತರಗತಿಯ ಒಬ್ಬ ಹುಡುಗಿ ಈ ಪ್ರಶ್ನೆ ಕೇಳಿದಾಗ ನನಗೆ ಆದ ಸಂತೋಷವನ್ನು ಮರೆಯಲಾರೆ. ಉತ್ತರ ಹೇಳಿದರೆ ಸಾಲದು, ಉತ್ತರ ಬಂದ ದಾರಿಯನ್ನೂ ಹೇಳಬೇಕು ಎಂದು ಅವಳಿಗೆ ಅನಿಸಿತ್ತು.

ಬದುಕಿರುವ ಮನುಷ್ಯನ ಮಿದುಳಿನಲ್ಲಿ ಒಂದು ಜೀನಿನ ನಕಲುಗಳನ್ನು ಹೀಗೆ ಎಣಿಸುವುದು ಸಾಧ್ಯವಿಲ್ಲ. ಆದ್ದರಿಂದ ಈ ಜ್ಞಾನದ ಬಹುಭಾಗ ಇಲಿಗಳಿಂದ ಬಂದದ್ದು. ಒತ್ತಡಕ್ಕೊಳಗಾದ ಇಲಿಗಳ ಮಿದುಳನ್ನು ಬೇರೆಬೇರೆ ಅವಧಿಯ ನಂತರ ತೆಗೆದು, ಹೆಪ್ಪುಗಟ್ಟಿಸಿ, ಕೂದಲಿಗಿಂತ ತೆಳುವಾದ ಪದರಗಳಾಗಿ ಕತ್ತರಿಸುತ್ತಾರೆ. ಹುಡುಕುತ್ತಿರುವ ಆರ್‌ಎನ್‌ಎಗೆ ಮಾತ್ರ ಜೋಡಿಯಾಗಿ ಅಂಟುವ, ಗುರುತು ಹಚ್ಚಿದ ಎಳೆಯೊಂದನ್ನು ಆ ಪದರದ ಮೇಲೆ ಹಾಕುತ್ತಾರೆ. ಎಲ್ಲಿ ಅಂಟಿತೋ ಅಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ.

ಇದರಲ್ಲಿ ಒಂದು ಜಾಣ್ಮೆಯಿದೆ. ಜೀನಿನಿಂದ ಆಗಷ್ಟೇ ಬಂದ ಹಸಿ ನಕಲಿನಲ್ಲಿ ಇಂಟ್ರಾನ್ ಎಂಬ, ಕೊನೆಗೆ ಬೇಡವಾಗುವ ತುಂಡೂ ಇರುತ್ತದೆ. ಸಿಆರ್‌ಎಚ್ ಜೀನಿನಲ್ಲಿ ಅಂಥದ್ದು ಒಂದೇ ಒಂದು. ಅದನ್ನು ಕೂಡಲೇ ಕತ್ತರಿಸಿ ತೆಗೆಯುವುದರಿಂದ, ಇಂಟ್ರಾನ್ ಕಂಡಿತೆಂದರೆ ಜೀನ್ ಈಗಲೇ ಓದಲ್ಪಡುತ್ತಿದೆ ಎಂದರ್ಥ. ಅಡಿಕೆ ಮಂಡಿಗೆ ಹೋಗಿ ಸುಲಿದ ಅಡಿಕೆಯ ಗೋಣಿಗಳನ್ನು ಎಣಿಸಿದರೆ ಕೊಯ್ಲು ಯಾವಾಗ ಆಯಿತೆಂದು ತಿಳಿಯದು; ಅಂಗಳದಲ್ಲಿ ಹಸಿ ಗೊನೆಗಳು ಬಿದ್ದಿದ್ದರೆ ಇವತ್ತೇ ಕೊಯ್ದದ್ದು ಎಂದು ಹೇಳಬಹುದು. ಹಸಿ ನಕಲು ಅಂಗಳದ ಗೊನೆ, ಸಿದ್ಧ ಆರ್‌ಎನ್‌ಎ ಗೋಣಿಯೊಳಗಿನ ಅಡಿಕೆ. ಮೊದಲಿನ ಸಂಶೋಧನೆಗಳಲ್ಲಿ ಗೋಣಿಗಳನ್ನಷ್ಟೇ ಎಣಿಸುತ್ತಿದ್ದುದರಿಂದ ಜೀನ್ ನಿಧಾನ ಎಂಬ ಭಾವನೆ ಇತ್ತು.

ಏರಿದ್ದನ್ನು ಇಳಿಸುವವರು ಯಾರು?

ಕಾರ್ಟಿಸಾಲೇ. ಸರಪಳಿಯ ಕೊನೆಯ ಕೊಂಡಿ ಹಿಂತಿರುಗಿ ಬಂದು ಮೊದಲ ಕೊಂಡಿಯನ್ನು ತಡೆಯುತ್ತದೆ. ಮಿದುಳಿನಲ್ಲಿ ಕಾರ್ಟಿಸಾಲ್ ಕುಳಿತುಕೊಳ್ಳುವ ಗ್ರಾಹಕಗಳು ಎರಡು ಬಗೆಯವು. ಮಿನರಲೊಕಾರ್ಟಿಕಾಯ್ಡ್ ಗ್ರಾಹಕವು ಕಾರ್ಟಿಸಾಲನ್ನು ಸುಮಾರು ಹತ್ತು ಪಟ್ಟು ಬಿಗಿಯಾಗಿ ಹಿಡಿಯುವುದರಿಂದ ಸಾಮಾನ್ಯ ದಿನಗಳಲ್ಲೂ ಬಹುಮಟ್ಟಿಗೆ ತುಂಬಿರುತ್ತದೆ. ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕವು ಹಾರ್ಮೋನು ಹೆಚ್ಚಾದಾಗ ಮಾತ್ರ ತುಂಬುತ್ತದೆ. ಹೀಗಾಗಿ ಒಂದು ದಿನನಿತ್ಯದ ಕಾವಲುಗಾರ, ಇನ್ನೊಂದು ನೆರೆ ಬಂದಾಗ ಎಚ್ಚರಗೊಳ್ಳುವವ. ಮಿದುಳಿನ ಹಿಪೊಕ್ಯಾಂಪಸ್ ಭಾಗ ಈ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು 1968ರಲ್ಲಿ ಬ್ರೂಸ್ ಮೆಕ್‌ಯೂವನ್ ಮತ್ತು ಜೊತೆಗಾರರು ತೋರಿಸುವವರೆಗೆ, ಅಡ್ರಿನಲ್ ಗ್ರಂಥಿಯ ಹಾರ್ಮೋನು ನೆನಪಿನ ಜಾಗಕ್ಕೆ ಹೋಗಿ ಕೆಲಸ ಮಾಡುತ್ತದೆಂದು ಹೆಚ್ಚಿನವರು ಊಹಿಸಿರಲಿಲ್ಲ.

ತಡೆಯೂ ಎರಡು ವೇಗದಲ್ಲಿ ಕೆಲಸ ಮಾಡುತ್ತದೆ. ಕೆಲವೇ ನಿಮಿಷಗಳಲ್ಲಿ, ಸಿಆರ್‌ಎಚ್ ಕೋಶಗಳಿಗೆ ಬರುವ ಪ್ರಚೋದನೆಯನ್ನೇ ಅದು ತಗ್ಗಿಸುತ್ತದೆ. 2003ರ ಪ್ರಯೋಗಗಳು ಇದಕ್ಕೆ ಮಿದುಳಿನದ್ದೇ ಆದ ಎಂಡೊಕ್ಯಾನಬಿನಾಯ್ಡ್ ಎಂಬ ರಾಸಾಯನಿಕಗಳು ನೆರವಾಗುತ್ತವೆ ಎಂದು ತೋರಿಸಿದವು. ಗಂಟೆಗಳ ಲೆಕ್ಕದಲ್ಲಿ ಜೀನಿನ ಓದುವಿಕೆಯೂ ತಗ್ಗುತ್ತದೆ. ಜೊತೆಗೆ, ಕೋಶದೊಳಗೇ ಹುಟ್ಟುವ ಐಸರ್ ಎಂಬ ಪ್ರೋಟೀನು ಕ್ರೆಬ್ ಕೂರುವ ಜಾಗದಲ್ಲಿ ತಾನು ಕುಳಿತು ನಕಲು ತೆಗೆಯುವುದನ್ನು ನಿಲ್ಲಿಸುತ್ತದೆ. ಆರೋಗ್ಯವಂತ ದೇಹದಲ್ಲಿ ಏರುವ ವ್ಯವಸ್ಥೆಗಿಂತ ಇಳಿಯುವ ವ್ಯವಸ್ಥೆಯೇ ಹೆಚ್ಚು ಪದರಗಳುಳ್ಳದ್ದು ಎಂಬುದು ನನ್ನ ಅಭಿಪ್ರಾಯ. ಒತ್ತಡದ ಬಗ್ಗೆ ಮಾತಾಡುವವರು ಏರಿಕೆಯನ್ನಷ್ಟೇ ಹೇಳಿ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಮಿದುಳಿನ ಎಲ್ಲ ಕಡೆ ಹೀಗೇ ಆಗುತ್ತದೆಯೇ?

ಇಲ್ಲ. ಹೈಪೋಥಾಲಮಸ್‌ನಲ್ಲಿ ಸಿಆರ್‌ಎಚ್ ಜೀನನ್ನು ತಗ್ಗಿಸುವ ಅದೇ ಹಾರ್ಮೋನು, ಭಯಕ್ಕೆ ಸಂಬಂಧಿಸಿದ ಅಮಿಗ್ಡಲದ ಮಧ್ಯಭಾಗದಲ್ಲಿ ಅದೇ ಜೀನನ್ನು ಏರಿಸುತ್ತದೆ ಎಂದು ಇಲಿಗಳಲ್ಲಿ ಕಂಡುಬಂದಿದೆ. ಗರ್ಭಿಣಿಯರ ಮಾಸಿನಲ್ಲಿಯೂ ಈ ಜೀನ್ ಇದ್ದು, ಅಲ್ಲಿಯೂ ಕಾರ್ಟಿಸಾಲ್ ಅದನ್ನು ಹೆಚ್ಚಿಸುತ್ತದೆ. ಆದ್ದರಿಂದ ‘ಒತ್ತಡದಿಂದ ಸಿಆರ್‌ಎಚ್ ಹೆಚ್ಚಾಯಿತು’ ಎಂದು ಎಲ್ಲಿಯಾದರೂ ಓದಿದರೆ, ಯಾವ ಭಾಗದಲ್ಲಿ ಮತ್ತು ಎಷ್ಟು ಹೊತ್ತಿನ ನಂತರ ಎಂದು ಕೇಳಲೇಬೇಕು.

ಗಾಯವಾದಾಗಿನ ಒತ್ತಡವೂ ಪರೀಕ್ಷೆಯ ಭಯವೂ ಒಂದೇ ದಾರಿಯಲ್ಲಿ ಬರುತ್ತವೆಯೇ?

ತಲುಪುವ ಊರು ಒಂದೇ, ಹೊರಡುವ ದಾರಿಗಳು ಬೇರೆ. ರಕ್ತಸ್ರಾವ, ಸೋಂಕು, ರಕ್ತದಲ್ಲಿ ಸಕ್ಕರೆ ಇಳಿಯುವುದು ಮೊದಲಾದ ದೇಹದ ಸಂಕಟಗಳ ಸುದ್ದಿ ಮಿದುಳಿನ ಬುಡದಿಂದ ನೊರಡ್ರಿನಲಿನ್ ಎಂಬ ರಾಸಾಯನಿಕವನ್ನು ಬಳಸುವ ನರಗಳ ಮೂಲಕ ನೇರವಾಗಿ ಸಿಆರ್‌ಎಚ್ ಕೋಶಗಳಿಗೆ ಬರುತ್ತದೆ. ಪರೀಕ್ಷೆಯ ಭಯ, ಸಭೆಯಲ್ಲಿ ಮಾತಾಡುವ ಅಂಜಿಕೆ ಇವುಗಳನ್ನು ಮೊದಲು ಮುಂಮಿದುಳು, ಹಿಪೊಕ್ಯಾಂಪಸ್, ಅಮಿಗ್ಡಲಗಳು ತೂಗಿ ನೋಡುತ್ತವೆ. ತೂಗಿದ ಮೇಲೆ ಸುದ್ದಿ ಸುತ್ತುದಾರಿಯಲ್ಲಿ ಬರುತ್ತದೆ. ಅದಕ್ಕೇ ಒಂದೇ ಪ್ರಶ್ನೆಪತ್ರಿಕೆ ಇಬ್ಬರು ಮಕ್ಕಳಲ್ಲಿ ಎರಡು ಬಗೆಯ ಒತ್ತಡ ಹುಟ್ಟಿಸುತ್ತದೆ.

ದಿನಾ ಅಡಿಕೆ ಮರ ಹತ್ತುವವರಿಗೆ ದಿನಾ ಹೀಗೆ ಜೀನ್ ಏರುತ್ತದೆಯೇ?

ನಮ್ಮ ತೋಟಕ್ಕೆ ಗೊನೆ ಕೊಯ್ಯಲು ಬರುವ ಹಿರಿಯರೊಬ್ಬರನ್ನು ನಾನು ಎಷ್ಟೋ ವರ್ಷಗಳಿಂದ ಕೆಳಗೆ ನಿಂತು ನೋಡಿದ್ದೇನೆ. ಮರದ ತುದಿಯಲ್ಲಿ ಕಾಲಿಗೆ ತಳೆ ಹಾಕಿ ನಿಂತು, ಮರವನ್ನೇ ತೂಗಿಸಿ, ಪಕ್ಕದ ಮರದ ಕತ್ತನ್ನು ಕೈಯಿಂದ ಹಿಡಿದು ಅದಕ್ಕೆ ದಾಟಿಕೊಳ್ಳುತ್ತಾರೆ. ನನ್ನ ಎದೆ ಬಡಿದುಕೊಳ್ಳುತ್ತದೆ, ಅವರು ಮೇಲಿಂದ ಮನೆಯ ಸುದ್ದಿ ಮಾತಾಡುತ್ತಿರುತ್ತಾರೆ. ‘ಮಾಷ್ಟ್ರೇ, ಮರಕ್ಕೆ ಹೆದರಿಕೆ ಇಲ್ಲ, ಕಣಜದ ಗೂಡಿಗೆ ಮಾತ್ರ ಹೆದರಿಕೆ’ ಎಂದು ಒಮ್ಮೆ ಹೇಳಿದರು.

ಪ್ರಯೋಗಶಾಲೆಯ ಇಲಿಗಳಲ್ಲಿ ಕಂಡದ್ದೂ ಇದನ್ನೇ. ಒಂದೇ ಬಗೆಯ ಒತ್ತಡ ದಿನಾ ಮರುಕಳಿಸಿದರೆ ಹಾರ್ಮೋನಿನ ಪ್ರತಿಕ್ರಿಯೆ ಕುಗ್ಗುತ್ತಾ ಹೋಗುತ್ತದೆ. ಆದರೆ ಹೊಸ ಬಗೆಯ ಒತ್ತಡ ಬಂದರೆ ವ್ಯವಸ್ಥೆ ಪೂರ್ತಿ ಬಲದಿಂದ, ಕೆಲವೊಮ್ಮೆ ಮೊದಲಿಗಿಂತ ಹೆಚ್ಚು ಬಲದಿಂದ ಎದ್ದು ನಿಲ್ಲುತ್ತದೆ. ಎಂದರೆ ಒಗ್ಗಿಹೋಗುವುದು ಸವೆದುಹೋಗುವುದಲ್ಲ. ಮರುಕಳಿಸುವ ಒತ್ತಡದಲ್ಲಿ ಆ ಕೋಶಗಳು ಸಿಆರ್‌ಎಚ್ ಜೊತೆಗೆ ವ್ಯಾಸೊಪ್ರೆಸಿನನ್ನು ಹೆಚ್ಚು ಹೆಚ್ಚು ಕೂಡಿಡತೊಡಗುತ್ತವೆ. ಈ ಎರಡೂ ಸೇರಿದಾಗ ಪಿಟ್ಯುಟರಿಯ ಮೇಲಿನ ಪರಿಣಾಮ ಒಂದೊಂದರ ಪರಿಣಾಮಕ್ಕಿಂತ ಬಹಳ ದೊಡ್ಡದು.

ಚೆನ್ನಾಗಿ ಓದಿದ ಮಗು ಪರೀಕ್ಷೆಯ ಕೋಣೆಯಲ್ಲಿ ಮರೆಯುವುದು ಇದರಿಂದಲೇ?

ಬಹಳ ಮಟ್ಟಿಗೆ ಹೌದು ಎನ್ನಲು ಆಧಾರವಿದೆ. 1998ರಲ್ಲಿ ಡಿ ಕ್ವೆರ್ವೈನ್, ರೂಜೆಂಡಾಲ್ ಮತ್ತು ಮೆಕ್‌ಗಾ, ನೀರಿನ ತೊಟ್ಟಿಯಲ್ಲಿ ಮುಳುಗಿರುವ ಕಟ್ಟೆಯ ಜಾಗವನ್ನು ಮೊದಲೇ ಕಲಿತಿದ್ದ ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಪರೀಕ್ಷಿಸಿದರು. ಆಘಾತವಾಗಿ 30 ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಇಲಿಗಳು ಜಾಗವನ್ನು ನೆನಪಿಸಿಕೊಳ್ಳಲು ತಡವರಿಸಿದವು; 2 ನಿಮಿಷಗಳಿಗೆ ಅಥವಾ 4 ಗಂಟೆಗಳಿಗೆ ಪರೀಕ್ಷಿಸಿದಾಗ ಆ ತೊಂದರೆ ಇರಲಿಲ್ಲ. ಅರ್ಧ ಗಂಟೆ ಎಂದರೆ ಹಾರ್ಮೋನು ಏರಿರುವ ಹೊತ್ತು. ಹಾರ್ಮೋನು ತಯಾರಾಗದಂತೆ ಔಷಧ ಕೊಟ್ಟಾಗ ಮರೆವೂ ಬರಲಿಲ್ಲ. 2000ದಲ್ಲಿ ಮನುಷ್ಯರಿಗೆ ಕಾರ್ಟಿಸೋನ್ ಮಾತ್ರೆ ಕೊಟ್ಟು ನಡೆಸಿದ ಅಧ್ಯಯನದಲ್ಲಿಯೂ, ಮೊದಲೇ ಕಲಿತ ಪದಗಳನ್ನು ನೆನಪಿಸಿಕೊಳ್ಳುವುದು ಕಷ್ಟವಾಯಿತು.

ಗಮನಿಸಿ: ನೆನಪು ಅಳಿದಿರಲಿಲ್ಲ, ಹೊರತೆಗೆಯುವ ಬಾಗಿಲು ಸ್ವಲ್ಪ ಹೊತ್ತು ಬಿಗಿದಿತ್ತು. ಇದು ಹೊಸ ಆರ್‌ಎನ್‌ಎ ತಯಾರಾಗುವವರೆಗೆ ಕಾಯದೆ ಬೇಗನೆ ಆಗುವ ಪರಿಣಾಮ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಗೇಟಿನ ಬಳಿ ನಿಂತು ‘ಇದು ಬಂದರೆ ಏನು ಬರೆಯುತ್ತಿ, ಅದು ಗೊತ್ತುಂಟಾ’ ಎಂದು ಕೊನೆಯ ಕ್ಷಣದವರೆಗೆ ಮಕ್ಕಳನ್ನು ಕೇಳುವ ತಂದೆತಾಯಿಗಳಲ್ಲಿ ನಾನು ಕೈಮುಗಿದು ಕೇಳಿಕೊಳ್ಳುವುದಿಷ್ಟೇ: ಆ ಅರ್ಧ ಗಂಟೆಯನ್ನು ಮಗುವಿಗೆ ಬಿಟ್ಟುಕೊಡಿ.

ಒಮ್ಮೆ ಹೆದರಿದ್ದು ಮುಂದಿನ ಪೀಳಿಗೆಗೂ ಹೋಗುತ್ತದೆಯೇ?

ಒಂದು ಸಲದ ಹೆದರಿಕೆಯ ಬಗ್ಗೆ ಹಾಗೆ ಹೇಳಲು ಆಧಾರವಿಲ್ಲ. 2004ರಲ್ಲಿ ಕೆನಡಾದ ಮೈಕೆಲ್ ಮೀನಿ ಅವರ ತಂಡ ತೋರಿಸಿದ್ದು ಬೇರೆ ಸಂಗತಿ: ತಾಯಿ ಇಲಿ ಮರಿಗಳನ್ನು ಮೊದಲ ವಾರದಲ್ಲಿ ಎಷ್ಟು ನೆಕ್ಕಿ ಸಾಕುತ್ತದೆ ಎಂಬುದರ ಮೇಲೆ, ಮರಿಗಳ ಹಿಪೊಕ್ಯಾಂಪಸ್‌ನಲ್ಲಿ ಗ್ಲುಕೊಕಾರ್ಟಿಕಾಯ್ಡ್ ಗ್ರಾಹಕದ ಜೀನಿಗೆ ಅಂಟಿರುವ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಬದಲಾಗುತ್ತವೆ; ಜೀನನ್ನು ಎಷ್ಟು ಓದಲಾಗುತ್ತದೆ ಎಂಬುದರ ಮೇಲೆ ಈ ಗುರುತುಗಳು ಪ್ರಭಾವ ಬೀರುತ್ತವೆ. ಒಳ್ಳೆಯ ಆರೈಕೆ ಕಂಡ ಮರಿಗಳಲ್ಲಿ ಗ್ರಾಹಕ ಹೆಚ್ಚು, ಒತ್ತಡ ಇಳಿಯುವುದೂ ಬೇಗ. ಸಾಕುತಾಯಿಯ ಬಳಿ ಬೆಳೆದ ಮರಿಗಳು ಸಾಕುತಾಯಿಯ ಬಗೆಯನ್ನೇ ತೋರಿದವು; ಎಂದರೆ ಈ ವ್ಯತ್ಯಾಸ ಹೆತ್ತವಳಿಂದ ಹುಟ್ಟಿನಲ್ಲೇ ಬಂದದ್ದಲ್ಲ, ಆರೈಕೆಯಿಂದ ಬಂದದ್ದು.

ಎಂಡೋಸಲ್ಫಾನ್ ಪೀಡಿತ ಮಕ್ಕಳ ತಾಯಂದಿರಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ವಿಷವನ್ನು ಸಿಂಪಡಿಸುವುದು 2000ದಲ್ಲಿ ನಿಂತಿತು. ಎಣ್ಮಕಜೆಯ ಕಡೆಯ ಎಷ್ಟೋ ಮನೆಗಳಲ್ಲಿ ತಾಯಂದಿರ ದುಡಿತ ನಿಲ್ಲಲಿಲ್ಲ. ಬೆಳೆದ ಮಗನನ್ನು ಇಂದಿಗೂ ಎತ್ತಿ ಸ್ನಾನ ಮಾಡಿಸುವ ತಾಯಿಯ ಒತ್ತಡವನ್ನು ಈಥರ್ ಆವಿಯ ಐದು ನಿಮಿಷಗಳಿಗೆ ಹೋಲಿಸುವುದು ತಪ್ಪು. ಈ ಪುಟದ ಗಡಿಯಾರವೆಲ್ಲ ಬಂದು ಹೋಗುವ ಒತ್ತಡದ್ದು, ಕಾಲು ಗಂಟೆಯೂ ಬಿಡುವು ಕೊಡದ ಒತ್ತಡದ್ದಲ್ಲ. ಅಂಥವರಿಗೆ ಬೇಕಾದುದು ಜೀನಿನ ವಿವರಣೆಗಿಂತ ಮೊದಲು, ಕೆಲಸಕ್ಕೆ ಹೆಗಲು ಕೊಡುವ ಇನ್ನೊಂದು ಜೀವ ಮತ್ತು ನಿದ್ದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು; ಅಲ್ಲಿ ಕನ್ನಡವನ್ನು ಆರಿಸಿಕೊಳ್ಳಬಹುದು.

ರಕ್ತ ಪರೀಕ್ಷೆಯಿಂದ ನನ್ನ ಒತ್ತಡ ಎಷ್ಟೆಂದು ತಿಳಿಯಬಹುದೇ?

ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ, ಮಧ್ಯರಾತ್ರಿಯ ಹೊತ್ತಿಗೆ ತೀರಾ ಇಳಿದು, ನಡುವೆಯೂ ಸುಮಾರು ಗಂಟೆಗೊಮ್ಮೆ ಅಲೆಗಳಂತೆ ಏರಿಳಿಯುತ್ತದೆ. ಸೂಜಿಗೆ ಹೆದರಿದರೂ ಏರುತ್ತದೆ. ಆದ್ದರಿಂದ ಒಂದು ಸಲದ ಅಂಕೆಯನ್ನು ಹಿಡಿದು ‘ನಿಮಗೆ ಒತ್ತಡ ಹೆಚ್ಚು’ ಎಂದು ಹೇಳಲಾಗದು. ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಅಥವಾ ಅದು ತೀರಾ ಕಡಿಮೆಯಾಗುವ ಅಡಿಸನ್ ಕಾಯಿಲೆಯ ಸಂಶಯವಿದ್ದಾಗ ವೈದ್ಯರು ನಿಗದಿತ ಹೊತ್ತಿನಲ್ಲಿ ಮಾಡಿಸುವ ಪರೀಕ್ಷೆಗೆ ಮಾತ್ರ ಸ್ಪಷ್ಟ ಅರ್ಥವಿದೆ. ಸಿಆರ್‌ಎಚ್ ಜೀನಿನ ಅಭಿವ್ಯಕ್ತಿಯನ್ನಂತೂ ಯಾವ ಲ್ಯಾಬೂ ನಿಮ್ಮ ರಕ್ತದಿಂದ ಹೇಳಲಾರದು.

ಸ್ಟೀರಾಯ್ಡ್ ಮಾತ್ರೆಗೂ ಈ ಜೀನಿಗೂ ಸಂಬಂಧವಿದೆಯೇ?

ಇದೆ. ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ದಮ್ಮು, ಗಂಟುನೋವು, ಚರ್ಮರೋಗಗಳಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್ ಮುಂತಾದವು ಕಾರ್ಟಿಸಾಲ್‌ನ ಕೆಲಸವನ್ನೇ ಮಾಡುತ್ತವೆ. ಕೆಲವು ವಾರಗಳಿಗಿಂತ ಹೆಚ್ಚು ಕಾಲ ತಿಂದರೆ ‘ಹಾರ್ಮೋನು ಸಾಕಷ್ಟಿದೆ’ ಎಂಬ ಸುದ್ದಿ ಮಿದುಳಿಗೆ ನಿರಂತರವಾಗಿ ಹೋಗುತ್ತದೆ. ಸಿಆರ್‌ಎಚ್ ತಗ್ಗುತ್ತದೆ, ಎಸಿಟಿಎಚ್ ತಗ್ಗುತ್ತದೆ, ಕೆಲಸವಿಲ್ಲದ ಅಡ್ರಿನಲ್ ಗ್ರಂಥಿ ಸೊರಗುತ್ತದೆ. ಸುರಂಗದ ಧಾರೆ ಕಟ್ಟಿಹೋಗಿರುವಾಗ ಹೊರಗಿನಿಂದ ಸುರಿಯುತ್ತಿದ್ದ ನೀರನ್ನೂ ನಿಲ್ಲಿಸಿದರೆ ಕೆರೆ ಬರಿದಾಗುತ್ತದೆ. ನೋವು ಕಡಿಮೆಯಾಯಿತೆಂದು ಮಾತ್ರೆಯನ್ನು ಒಮ್ಮೆಲೇ ಬಿಟ್ಟ ನನ್ನ ಹತ್ತಿರದ ಬಂಧುವೊಬ್ಬರು, ಸಾಧಾರಣ ಜ್ವರಕ್ಕೇ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಎದ್ದು ಕೂರಲಾಗದ ಸ್ಥಿತಿ ತಲುಪಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥ ಮಾತ್ರೆಗಳನ್ನು ವೈದ್ಯರು ಹೇಳಿದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿಯೇ ಕಡಿಮೆ ಮಾಡಬೇಕು. ಸರಪಳಿ ಮತ್ತೆ ಮೊದಲಿನಂತಾಗಲು ತಿಂಗಳುಗಳೇ ಬೇಕಾಗಬಹುದು. ಆ ಅವಧಿಯಲ್ಲಿ ಜ್ವರ, ಅಪಘಾತ ಅಥವಾ ಶಸ್ತ್ರಚಿಕಿತ್ಸೆ ಎದುರಾದರೆ, ನೀವು ಮಂಗಳೂರಿನ ಆಸ್ಪತ್ರೆಗೆ ಹೋಗಿ, ಕಾಸರಗೋಡಿಗೇ ಹೋಗಿ, ಸ್ಟೀರಾಯ್ಡ್ ತಿಂದಿದ್ದ ಸಂಗತಿಯನ್ನು ಮೊದಲು ಹೇಳಬೇಕು. ಹಳೆಯ ಚೀಟಿಯಲ್ಲಿ ಬರೆದ ಮಾತ್ರೆಯ ಹೆಸರು ಮತ್ತು ಪ್ರಮಾಣವನ್ನು ತೋರಿಸಬೇಕು.